ಬರೀ ಸರ್ಫೇಸ್ ಪ್ಲೇನರ್ ತಗೊಳ್ಳಲೋ, ಥಿಕ್‌ನೆಸರ್ ಸೇರಿದ ಕಾಂಬಿ ಮಷೀನೋ?

ನೀವು ಬರೆದಿರೋ ಪ್ರಕಾರ ನಿಮ್ಮದು ಮನೆ ಹಿಂದಿನ 10×14 ಅಡಿ ಶೆಡ್ಡು, ಸಿಂಗಲ್ ಫೇಸ್ ಕರೆಂಟು, ಹಳೇ ಮನೆ ಬಿಚ್ಚಿದಾಗ ಸಿಕ್ಕ ಹಲಸು ಮತ್ತು ತೇಗದ ಹಲಗೆಗಳು. ಮಾಡಬೇಕಿರೋದು ಮೇಜು, ಕಪಾಟು. ಸರ್ಫೇಸ್ ಪ್ಲೇನರ್ ಅಂದರೆ ಹಲಗೆಯ ಮುಖ, ಅಂಚು ಮಟ್ಟ ಮಾಡೋ ಮಷೀನು; ಥಿಕ್‌ನೆಸರ್ ದಪ್ಪವನ್ನ ಎಲ್ಲಾ ಕಡೆ ಒಂದೇ ಸಮ ಮಾಡೋದು; ಕಾಂಬಿಯಲ್ಲಿ ಎರಡೂ ಇರುತ್ತೆ. ಹಾಗಿದ್ದರೆ ನನ್ನ ಓಟು ಕಾಂಬಿಗೆ. ಜಾಗ ಉಳಿಯುತ್ತೆ ಅನ್ನೋದು ಎರಡನೇ ಮಾತು. ಮೊದಲು ನೋಡಬೇಕಾದ್ದು ಹಲಗೆಯ ಅಗಲ.

ಥಿಕ್‌ನೆಸರ್ ಒಂದೇ ಸಾಕು ಅನ್ನೋರೂ ಇದ್ದಾರೆ, ಅದನ್ನ ಮೊದಲು ಬಿಡಿಸಿ ಹೇಳ್ತೀನಿ. ಥಿಕ್‌ನೆಸರ್‌ನ ರೋಲರುಗಳು ಹಲಗೆಯನ್ನ ಒತ್ತಿ ಹಿಡಿದು ಒಳಗೆ ಎಳೆದುಕೊಳ್ಳುತ್ತವೆ. ಬೆಂಡಾದ ಹಲಗೆ ಆ ಒತ್ತಡದಲ್ಲಿ ನೆಟ್ಟಗಾಗಿ, ಆಚೆ ಬಂದ ಕೂಡಲೇ ಸುತ್ತಿಟ್ಟ ಚಾಪೆಯ ಹಾಗೆ ಮತ್ತೆ ಮುದುರಿಕೊಳ್ಳುತ್ತೆ. ದಪ್ಪ ಎಲ್ಲಾ ಕಡೆ ಒಂದೇ ಆಯ್ತು, ಡೊಂಕು ಹಾಗೇ ಉಳೀತು. ಅದಕ್ಕೇ ಮೊದಲು ಸರ್ಫೇಸ್ ಪ್ಲೇನರ್‌ನಲ್ಲಿ ಒಂದು ಮುಖ ಮಟ್ಟ ಮಾಡಿ, ಆ ಮುಖವನ್ನ ಫೆನ್ಸಿಗೆ (ಪಕ್ಕದಲ್ಲಿ ನೆಟ್ಟಗೆ ನಿಂತಿರೋ ಆಸರೆ ಪಟ್ಟಿಗೆ) ಕೊಟ್ಟು ಒಂದು ಅಂಚನ್ನ ಮೂಲೆಮಟ್ಟಕ್ಕೆ ತರಬೇಕು. ಎದುರು ಮುಖ ಆಮೇಲೆ ಥಿಕ್‌ನೆಸರ್‌ಗೆ.

ಈಗ ಅಗಲದ ಲೆಕ್ಕ. 6 ಇಂಚಿನ ಸರ್ಫೇಸ್ ಪ್ಲೇನರ್‌ನಲ್ಲಿ 6 ಇಂಚಿನವರೆಗಿನ ಮುಖ ಮಾತ್ರ ಮಟ್ಟ ಮಾಡಬಹುದು. ಹಳೇ ಮನೆಯ ಹಲಸಿನ ಹಲಗೆ 10 ಇಂಚು ಇರೋದು ದೊಡ್ಡ ವಿಷಯವೇ ಅಲ್ಲ. ಅದನ್ನ ನಡುವೆ ಸೀಳಿ, ಎರಡನ್ನೂ ಮಟ್ಟ ಮಾಡಿ, ಮತ್ತೆ ಅಂಟಿಸೋದಾದರೆ ಅಷ್ಟು ಅಗಲದ ಹಲಗೆ ಸಿಕ್ಕಿದ ಖುಷಿ ಏನಾಯ್ತು? ಕಾಂಬಿಯಲ್ಲಿ ಮೇಲೆ ಸರ್ಫೇಸಿಂಗ್, ಕೆಳಗೆ ಥಿಕ್‌ನೆಸಿಂಗ್, ನಡುವೆ ಎರಡಕ್ಕೂ ಒಂದೇ ಕಟರ್ ಬ್ಲಾಕ್, ಅಂದರೆ ಬ್ಲೇಡು ಕೂರಿಸಿದ ತಿರುಗೋ ಉರುಳೆ. ಥಿಕ್‌ನೆಸರ್‌ಗೆ ಹೇಗೂ 10-12 ಇಂಚು ಬೇಕೇ ಬೇಕು, ಅದೇ ಅಗಲ ಮೇಲಿನ ಕೆಲಸಕ್ಕೂ ಸಿಗುತ್ತೆ. 12 ಇಂಚಿನ ಬರೀ ಸರ್ಫೇಸ್ ಪ್ಲೇನರ್ ಬೇರೆಯಾಗಿ ತಗೊಳ್ಳೋಕೆ ಹೋದರೆ ಬೆಲೆ, ತೂಕ, ಉದ್ದ ಯಾವುದೂ ನಿಮ್ಮ ಶೆಡ್ಡಿನ ಮಾತಲ್ಲ.

ಇದೇ ಪ್ರಶ್ನೆಯನ್ನ ದಿನವಿಡೀ 5×3 ಇಂಚಿನ ಬಾಗಿಲ ಚೌಕಟ್ಟು ಮಾಡೋರು ಕೇಳಿದ್ದರೆ ಉತ್ತರ ಉಲ್ಟಾ. ಅವರಿಗೆ ಅಗಲ ಬೇಕಿಲ್ಲ, ಉದ್ದ ಬೇಕು. ಬೆಡ್ (ಮರ ಇಟ್ಟು ತಳ್ಳೋ ಮಷೀನಿನ ಮೇಜು) ಎಷ್ಟು ಉದ್ದವೋ ಅದರ ಎರಡು ಪಟ್ಟು ಉದ್ದದ ಮರವನ್ನ ನೆಟ್ಟಗೆ ಮಾಡಬಹುದು ಅನ್ನೋದು ಒಂದು ಅಂದಾಜು. 8 ಇಂಚಿನ ಬಿಡಿ ಸರ್ಫೇಸ್ ಪ್ಲೇನರ್‌ಗೆ ಸಾಮಾನ್ಯವಾಗಿ 6 ಅಡಿ ಬೆಡ್ ಇರುತ್ತೆ. ಕಾಂಬಿಗಳದ್ದು ಮೋಟು: ಆಸ್ಟ್ರಿಯಾದ ಫೆಲ್ಡರ್ ಕಂಪನಿಯ ಹ್ಯಾಮರ್ ಎ3-31 ಒಳ್ಳೇ ಮಷೀನು, 310 ಮಿ.ಮೀ. ಅಗಲಕ್ಕೆ ಬೆಡ್ 1400 ಮಿ.ಮೀ. ಮೇಜು-ಕಪಾಟಿಗೆ ಧಾರಾಳ ಸಾಕು. 7 ಅಡಿಯ ಮರವನ್ನೂ ಮಾಡಬಹುದು, ಆದರೆ ಎರಡೂ ಕಡೆ ರೋಲರ್ ಸ್ಟ್ಯಾಂಡ್ ಇಟ್ಟುಕೊಂಡೇ.

ಎಲ್ಲರೂ ಹೆದರಿಸೋದು ‘ಬದಲಾಯಿಸೋದು ರಗಳೆ’ ಅಂತ. ಬೆಡ್ ಎತ್ತಿ, ಹೊಟ್ಟಿನ ಹುಡ್ ತಿರುಗಿಸಿ, ಕೆಳಗಿನ ಬೆಡ್ ಏರಿಸೋಕೆ ಒಂದೆರಡು ನಿಮಿಷ ಬೇಕು, ಅಷ್ಟೆ. ಎಲ್ಲಾ ತುಂಡುಗಳ ಮುಖ, ಅಂಚು ಮುಗಿಸಿಕೊಂಡು ಆಮೇಲೆ ಒಂದೇ ಸಲ ಬದಲಾಯಿಸಿ. ನಿಜವಾದ ತೊಂದರೆ ಮರೆತುಹೋದ ಒಂದು ತುಂಡಿಗೋಸ್ಕರ ಮತ್ತೆ ವಾಪಸ್ ಬರೋದು: ಕೂರಿಸಿಟ್ಟ ದಪ್ಪದ ಅಳತೆ ಹೋಗುತ್ತೆ. ಹಾಗಾಗಿ ಒಂದೆರಡು ತುಂಡು ಹೆಚ್ಚಾಗೇ ತಯಾರು ಮಾಡಿಕೊಳ್ಳಿ. ಇನ್ನೊಂದು, ಬೆಡ್ ಹಿಂದಕ್ಕೆ ಮಡಚೋ ಮಾದರಿಯಾದರೆ ಗೋಡೆಗೆ ಅಂಟಿಸಿ ಇಡೋ ಹಾಗಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಮೊಳೆಯದ್ದು. ಹಳೇ ಮನೆಯ ನಾಟಾದಲ್ಲಿ ತಲೆ ಮುರಿದು ಒಳಗೇ ಉಳಿದ ಮೊಳೆ ಇದ್ದೇ ಇರುತ್ತೆ. ಕಾಂಬಿಯಲ್ಲಿ ಬ್ಲೇಡು ಒಂದೇ ಸೆಟ್ ಆದ್ದರಿಂದ ಒಂದು ಮೊಳೆ ತಗುಲಿದರೆ ಮೇಲೂ ಗೆರೆ, ಕೆಳಗೂ ಗೆರೆ. ಕೈಯಲ್ಲಿ ಹಿಡಿಯೋ ಮೆಟಲ್ ಡಿಟೆಕ್ಟರ್ ತಗೊಂಡು ಪ್ರತಿ ಹಲಗೆಯ ಎರಡೂ ಮುಖ ನೋಡಿ. ದುಡ್ಡಿದ್ದರೆ ಸ್ಪೈರಲ್ ಬ್ಲಾಕ್ ಇರೋದನ್ನೇ ತಗೊಳ್ಳಿ: ಚಿಕ್ಕ ಚೌಕದ ಕಾರ್ಬೈಡ್ ಬ್ಲೇಡುಗಳು, ಪೆಟ್ಟು ತಿಂದದ್ದನ್ನ ಮಾತ್ರ ತಿರುಗಿಸಿದರೆ ಮುಗೀತು. ತೇಗದಲ್ಲಿ ಸಿಲಿಕಾ ಇರೋದರಿಂದ ಸಾದಾ ಬ್ಲೇಡು ಹೇಗೂ ಬೇಗ ಮೊಂಡಾಗುತ್ತೆ.

ಅಂಗಡಿಯಲ್ಲಿ ಬರೀ ‘ಕಾಂಬಿನೇಷನ್’ ಅಂತ ಕೇಳಬೇಡಿ. ಪಕ್ಕದಲ್ಲಿ ಗರಗಸ, ಡ್ರಿಲ್ ಕೂರಿಸಿದ ಸರ್ಫೇಸ್ ಪ್ಲೇನರ್ ತೋರಿಸಿಬಿಡಬಹುದು. ಕಟರ್ ಬ್ಲಾಕಿನ ಕೆಳಗೆ ಏರಿಳಿಯೋ ಬೆಡ್ಡು, ಎಳೆಯೋ ರೋಲರ್ ಇದೆಯಾ ಬಗ್ಗಿ ನೋಡಿ. ಸಿಂಗಲ್ ಫೇಸ್‌ಗೆ 3 ಎಚ್‌ಪಿ, ಅಂದರೆ 2.2 ಕಿಲೋವ್ಯಾಟ್ ಮೋಟರ್ ಸಾಕು. ಆದರೆ ಸ್ಟಾರ್ಟ್ ಆಗುವಾಗ ಅದರ ಹಲವು ಪಟ್ಟು ಎಳೆಯುತ್ತೆ, ಹಾಗಾಗಿ ಬೋರ್ಡಿನಿಂದಲೇ ಬೇರೆ ವೈರ್ ಎಳೆಸಿ. ಅಗಲದ ಹಲಗೆಗೆ ಒಂದು ಸಲಕ್ಕೆ ಅರ್ಧ ಮಿ.ಮೀ. ತೆಗೆದರೆ ಸಾಕು.

ಸದ್ಯಕ್ಕೆ ಕಾಂಬಿಯಷ್ಟು ದುಡ್ಡು ಇಲ್ಲದಿದ್ದರೆ 6 ಇಂಚಿನ ಸರ್ಫೇಸ್ ಪ್ಲೇನರ್‌ಗೆ ಓಡಬೇಡಿ. ಮಕಿಟಾ 2012ಎನ್‌ಬಿ ಥರದ ಚಿಕ್ಕ ಥಿಕ್‌ನೆಸರ್ (304 ಮಿ.ಮೀ. ಅಗಲ) ತಗೊಂಡು, ಡೊಂಕು ಹಲಗೆಯನ್ನ ದಪ್ಪ ಪ್ಲೈವುಡ್ ಮೇಲಿಟ್ಟು, ಅಲ್ಲಾಡೋ ಕಡೆ ಸಣ್ಣ ಬೆಣೆ ಕೊಟ್ಟು ಅಂಟಿಸಿ ಒಳಗೆ ಬಿಡಿ. ಮೇಲಿನ ಮುಖ ಮಟ್ಟವಾದ ಮೇಲೆ ಹಲಗೆ ಬಿಡಿಸಿ, ಮಗುಚಿ ಹಾಕಿ. ಅಂಚಿಗೆ ಕೈ ಕೀಸುಳಿ. ನಿಧಾನದ ಕೆಲಸ, ಆದರೆ 6 ಇಂಚಿನ ಮಷೀನ್ ಮಾಡಲಾಗದ್ದು ಇದರಲ್ಲಿ ಆಗುತ್ತೆ.

ಕಾಂಬಿಯನ್ನೇ ತಗೊಳ್ಳೋದಾದರೆ ಹಣ ಕೊಡೋ ಮುಂಚೆ ಒಂದು ಉದ್ದನೆಯ ಸ್ಟ್ರೇಟ್ ಎಡ್ಜ್ (ಪಕ್ಕಾ ನೆಟ್ಟಗಿರೋ ಪಟ್ಟಿ) ತಗೊಂಡು ಹೋಗಿ, ಕಟರ್ ಬ್ಲಾಕಿನ ಹಿಂದೆ-ಮುಂದೆ ಇರೋ ಮೇಲಿನ ಎರಡೂ ಬೆಡ್ ಮೇಲೆ ಸೇರಿಸಿ ಇಡಿ. ಆಮೇಲೆ ಬೆಡ್‌ಗಳನ್ನ ಎತ್ತಿ, ಇಳಿಸಿ, ಲಾಕ್ ಮಾಡಿ ಮತ್ತೆ ಇಡಿ. ಎರಡನೇ ಸಲ ಸಂದಿಯಲ್ಲಿ ಬೆಳಕು ಕಂಡರೆ, ರಿಯಾಯಿತಿ ಎಷ್ಟೇ ಕೊಡಲಿ, ಆ ಮಷೀನು ಬೇಡ.