ಬೋಲ್‌ಸ್ಟರ್ ಅಂದರೆ ದಿಂಬೋ, ಬೆಂಬಲವೋ?

ಪ್ರಶ್ನೆ: ಯೋಗ ತರಗತಿಯಲ್ಲಿ ಬೆನ್ನಿನ ಕೆಳಗೆ ಇಟ್ಟುಕೊಳ್ಳುವ ಉದ್ದ ದಿಂಬಿಗೆ ಬೋಲ್‌ಸ್ಟರ್ ಅಂತಾರೆ. ಇಂಗ್ಲಿಷ್ ಪತ್ರಿಕೆಯಲ್ಲಿ ಗಡಿ ಭದ್ರತೆಯನ್ನು ‘ಬೋಲ್‌ಸ್ಟರ್’ ಮಾಡಿದರು ಅಂತ ಇರುತ್ತದೆ. ಎರಡೂ ಒಂದೇ ಪದವಾ? ಕನ್ನಡದಲ್ಲಿ ಏನನ್ನಬೇಕು?

ಉತ್ತರ: ಒಂದೇ ಪದ. ದಿಂಬು ಮೊದಲು ಬಂತು, ಬೆಂಬಲ ಆಮೇಲೆ. ಹಳೆಯ ಇಂಗ್ಲಿಷಿನಲ್ಲೇ ಇದು ಉದ್ದ ದಿಂಬಿನ ಹೆಸರು. ಜರ್ಮನ್ನಿನ ‘ಪೋಲ್‌ಸ್ಟರ್’ ಇದರ ದಾಯಾದಿ. ಸುಮಾರು 1500ರ ಹೊತ್ತಿಗೆ ವಾದಕ್ಕೆ, ಧೈರ್ಯಕ್ಕೆ ಬಲ ಕೊಡುವುದಕ್ಕೂ ಜನ ಇದನ್ನೇ ಬಳಸತೊಡಗಿದರು.

ಮದುವೆ ಮನೆಯಲ್ಲಿ ಜಮಖಾನೆ ಹಾಸಿ, ಗೋಡೆಗೆ ಲೋಡು ಇಡುತ್ತಾರಲ್ವಾ? ಬಿಳಿ ಗವಸು, ಒಳಗೆ ಗಟ್ಟಿಯಾಗಿ ತುರುಕಿದ ಹತ್ತಿ. ಅಜ್ಜ ಒರಗಿದರೂ ಅದು ಕುಸಿಯುವುದಿಲ್ಲ. ಅದೇ ಬೋಲ್‌ಸ್ಟರ್. ಹಳೇ ತೊಟ್ಟಿಮನೆಯಲ್ಲಿ ಕಂಬದ ತಲೆಯ ಮೇಲೆ ಕೂತು ತೊಲೆಯ ಭಾರ ಹೊರುವ ಬೋದಿಗೆ ನೋಡಿದ್ದೀರಾ? ಅಂಥ ಮರದ ತುಂಡಿಗೂ ಇಂಗ್ಲಿಷ್ ಬಡಗಿಗಳು ಬೋಲ್‌ಸ್ಟರ್ ಎನ್ನುತ್ತಾರೆ. ರೈಲು ಡಬ್ಬಿಯ ಕೆಳಗೆ, ಅದರ ಭಾರ ಹೊರುವ ಅಡ್ಡತೊಲೆಗೂ ಅದೇ ಹೆಸರು. ಯೋಗಕ್ಕೆ ದಿಂಬಿನಂಥ ಆಸರೆಗಳನ್ನು ಜಾಸ್ತಿ ಬಳಕೆಗೆ ತಂದವರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್.

ನನಗೆ ತುಂಬ ಖುಷಿ ಕೊಡುವ ವಿಷಯ ಬೇರೆ ಇದೆ. ಕನ್ನಡವೂ ಇದೇ ದಾರಿಯಲ್ಲಿ ನಡೆದಿದೆ! ದಿಂಬಿಗೆ ‘ತಲೆಗಿಂಬು’ ಎಂಬ ಹೆಸರೂ ಉಂಟು. ಬಿಡಿಸಿದರೆ ತಲೆಗೆ ಇಂಬು. ಪತ್ರಿಕೆಗಳಲ್ಲಿ ‘ವದಂತಿಗೆ ಇಂಬು ಕೊಟ್ಟಿತು’ ಅಂತ ಬರುತ್ತದಲ್ಲ, ಅದೂ ಇದೇ ಇಂಬು. ಇಂಗ್ಲಿಷಿನವರು ಅಲ್ಲಿ ಬೋಲ್‌ಸ್ಟರ್ ಅಂದಾರು.

ಹಾಗಂತ ಎಲ್ಲ ಕಡೆ ಇಂಬು ಹೊಂದುವುದಿಲ್ಲ. ವಾದಕ್ಕಾದರೆ ಒತ್ತಾಸೆ, ಆತ್ಮವಿಶ್ವಾಸಕ್ಕಾದರೆ ಬಲ ತುಂಬು. ನೀವು ಓದಿದ ಸುದ್ದಿಗೆ ‘ಗಡಿ ಭದ್ರತೆ ಬಿಗಿ ಮಾಡಿದರು’ ಅಂದರೆ ಸಾಕು. ಅದನ್ನು ಸುಮ್ನೆ ‘ಬಲವರ್ಧನೆಗೊಳಿಸಲಾಯಿತು’ ಅಂತ ಎಳೆಯಬೇಡಿ.

ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಎಚ್ಚರ ಇರಲಿ. ಮೊದಲೇ ಇರುವುದನ್ನು ಇನ್ನಷ್ಟು ಗಟ್ಟಿ ಮಾಡಿದರೆ ಮಾತ್ರ ಬೋಲ್‌ಸ್ಟರ್. ಸೋದರಮಾವ ಫೀಸು ಕಟ್ಟಿ ಓದಿಸಿದ್ದನ್ನು ಹೇಳುವಾಗ ‘ಮಾವ ನನ್ನನ್ನು ಬೋಲ್‌ಸ್ಟರ್ ಮಾಡಿದರು’ ಅನ್ನಬೇಡಿ. ಅಲ್ಲಿ ಸಪೋರ್ಟ್ ಪದವೇ ಸರಿ.