ಹಾಸನದಲ್ಲಿ ನರ್ಸರಿಗೆ ಹೋಗುವ ಮಗುವಿಗೆ ಸನ್‌ಸ್ಕ್ರೀನ್ ಹಚ್ಚಿ ಕಳಿಸಬೇಕಾ?

ನೀವು ಬರೆದಿರುವುದು ಇಷ್ಟು. ಬೆಂಗಳೂರಿಂದ ಹಾಸನಕ್ಕೆ ಬಂದು ಆರು ತಿಂಗಳಾಯಿತು. ಮೂರೂವರೆ ವರ್ಷದ ಮಗಳು ನರ್ಸರಿಯಿಂದ ಮನೆಗೆ ಬರುವಾಗ ಮುಖ ಕೆಂಪಗಾಗಿರುತ್ತದೆ, ಎರಡು ಸಲ ತಲೆನೋವು ಅಂದಿದ್ದಾಳೆ. ನೀವು ಸನ್‌ಸ್ಕ್ರೀನ್ ತಂದಿಟ್ಟಿದ್ದೀರಿ. ಅತ್ತೆ "ಈ ತಂಪು ಊರಲ್ಲಿ ಅದೆಲ್ಲ ಯಾಕಮ್ಮ" ಅನ್ನುತ್ತಾರೆ. ಶಾಲೆಯವರು ಟೋಪಿ ಯೂನಿಫಾರ್ಮ್‌ನಲ್ಲಿ ಇಲ್ಲ ಅನ್ನುತ್ತಾರೆ.

ಹಚ್ಚಿದರೆ ತಪ್ಪೇನಿಲ್ಲ. ಆದರೆ ನಿಮ್ಮ ಮಗಳ ತೊಂದರೆ ಕ್ರೀಮಿನಿಂದ ಸರಿಹೋಗುವಂಥದ್ದು ಅಂತ ನನಗೆ ಅನ್ನಿಸುತ್ತಿಲ್ಲ. ಮೊದಲು ಒಂದು ಹೇಳಿ, ಶಾಲೆ ಬಿಡುವುದು ಎಷ್ಟು ಗಂಟೆಗೆ? ಹನ್ನೆರಡೂವರೆಗೆ ಅಲ್ವಾ?

ನಾನು ಹಾಸನದ ಒಂದು ನರ್ಸರಿಯಲ್ಲಿ ಹದಿನಾಲ್ಕು ವರ್ಷ ಮಿಸ್ ಆಗಿದ್ದೆ. ಡಾಕ್ಟರ್ ಅಲ್ಲ, ಅದು ನೆನಪಿರಲಿ. ಬಿಸಿಲು ಅಂದರೆ ನಾವು ಟೀಚರುಗಳು ತಲೆ ಕೆಡಿಸಿಕೊಳ್ಳುತ್ತಿದ್ದುದು ಆಟದ ಪೀರಿಯಡ್ಡಿಗೆ ಮಾತ್ರ. ಅದು ಹತ್ತು ಗಂಟೆಗೆ, ಇಪ್ಪತ್ತು ನಿಮಿಷ. ಮಕ್ಕಳು ನಿಜವಾಗಿ ಬೇಯುತ್ತಿದ್ದುದು ಮನೆಗೆ ಬಿಡುವ ಹೊತ್ತಲ್ಲಿ.

ಇದಕ್ಕೊಂದು ಲೆಕ್ಕ ಇದೆ. ನಮ್ಮ ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ಹಾಸನ ಇರುವುದು ಅದಕ್ಕಿಂತ ಪಶ್ಚಿಮಕ್ಕೆ, ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ವ್ಯತ್ಯಾಸ. ಹಾಗಾಗಿ ನಮ್ಮೂರಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಏಪ್ರಿಲ್‌ನಲ್ಲಾದರೆ 12.25ರ ಹತ್ತಿರ. ಮಾರ್ಚ್‌ನಲ್ಲಿ ಇನ್ನೂ ತಡ, 12.35 ಅಂತಿಟ್ಟುಕೊಳ್ಳಿ. ಬೆಲ್ ಹೊಡೆದು, ಬ್ಯಾಗ್ ಹಾಕಿಸಿ, ಸಾಲು ಮಾಡಿಸಿ ಮಕ್ಕಳನ್ನು ಗೇಟಿಗೆ ತರುವ ಹೊತ್ತಿಗೆ ದಿನದ ಬಿಸಿಲೆಲ್ಲ ನೆತ್ತಿ ಮೇಲೆ ಇರುತ್ತದೆ. ಬೇಕೆಂದೇ ಹುಡುಕಿದ್ದರೂ ಇದಕ್ಕಿಂತ ಕೆಟ್ಟ ಸಮಯ ಸಿಗುತ್ತಿರಲಿಲ್ಲ.

ನನಗೆ ಇದು ಬುದ್ಧಿಯಿಂದ ಹೊಳೆದದ್ದಲ್ಲ. ಒಂದು ಮಾರ್ಚ್‌ನಲ್ಲಿ ಎಲ್‌ಕೆಜಿ ಹುಡುಗನೊಬ್ಬನ ವ್ಯಾನ್ ಇಪ್ಪತ್ತು ನಿಮಿಷ ತಡವಾಯಿತು. ಸಾಲಲ್ಲಿ ನಿಂತಿದ್ದವನು ವಾಂತಿ ಮಾಡಿಕೊಂಡು ಹಾಗೇ ಕುಸಿದು ಕೂತ. ಆಯಾ ಬೆಳಗಿನ ಉಪ್ಪಿಟ್ಟಿನ ಮೇಲೆ ತಪ್ಪು ಹಾಕಿದರು, ನಾನೂ ಹೌದು ಅಂದೆ. ಜಗಲಿಗೆ ಎತ್ತಿಕೊಂಡು ಹೋಗಿ ಶೂ, ಸಾಕ್ಸ್, ಟೈ ಬಿಚ್ಚಿ ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಕಾಲು ಗಂಟೆಯಲ್ಲಿ ಸರಿಹೋದ. ಅವನ ವಾಟರ್ ಬಾಟಲ್ ತೆಗೆದು ನೋಡಿದರೆ ತುಂಬಿದ್ದು ತುಂಬಿದ ಹಾಗೇ ಇತ್ತು. ಅವನ ಅಮ್ಮ ದಿನಾ ಸನ್‌ಸ್ಕ್ರೀನ್ ಹಚ್ಚಿ ಕಳಿಸುತ್ತಿದ್ದವರು. ಕ್ರೀಮ್ ಚರ್ಮ ಸುಡದ ಹಾಗೆ ನೋಡಿಕೊಳ್ಳುತ್ತದೆ. ಮೈ ಬಿಸಿಯೇರುವುದನ್ನು ಅದು ತಡೆಯುವುದಿಲ್ಲ.

ಮಾರನೆಯ ದಿನ ನಾನು ಆ ಜಾಗದಲ್ಲೇ ಹೋಗಿ ನಿಂತೆ. ಕಾಂಪೌಂಡ್ ಗೋಡೆಯ ಉತ್ತರದ ಮಗ್ಗುಲು. 'ಗೋಡೆ ಮರೆಗೆ ನಿಲ್ಲಿಸಿ' ಅನ್ನುವುದು ನಮ್ಮಲ್ಲಿ ವರ್ಷಗಳಿಂದ ಬಂದ ಪದ್ಧತಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಆರಡಿ ಗೋಡೆಗೆ ಮಧ್ಯಾಹ್ನವೂ ನಾಲ್ಕಡಿ ಮೀರಿ ನೆರಳು ಬೀಳುತ್ತದೆ, ಮಕ್ಕಳು ಹಾಯಾಗಿ ನಿಲ್ಲಬಹುದು. ಮಾರ್ಚ್ 20ರ ಸುಮಾರಿಗೆ ಅದೇ ಗೋಡೆಗೆ ಒಂದೂವರೆ ಅಡಿ ನೆರಳೂ ಇರುವುದಿಲ್ಲ. ಏಪ್ರಿಲ್ ಕೊನೆಯ ವಾರ ಸೊನ್ನೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ಅಷ್ಟು ಹೊತ್ತಿಗೆ ರಜೆ ಬಂದಿರುತ್ತದೆ ನಿಜ, ಆದರೆ ಸಮ್ಮರ್ ಕ್ಯಾಂಪ್ ನಡೆಸುವ ಕಡೆ ಮಕ್ಕಳು ಅಲ್ಲೇ ಇರುತ್ತಾರೆ. ಡಿಸೆಂಬರ್‌ನಲ್ಲಿ ಸರಿಯಾಗಿದ್ದ ಪದ್ಧತಿ ಮಾರ್ಚ್‌ನಲ್ಲಿ ಯಾಕೆ ತಪ್ಪಾಯಿತು ಅಂತ ನಾವು ಯಾರೂ ತಲೆ ಎತ್ತಿ ನೋಡಿರಲಿಲ್ಲ.

ಈಗ ನಿಮ್ಮ ಅತ್ತೆಯ ಮಾತಿಗೆ ಬರುತ್ತೇನೆ. ಹಾಸನಕ್ಕೆ ಬಡವರ ಊಟಿ ಅಂತ ಹೆಸರು ಬಿದ್ದಿದೆ. ಆ ಹೆಸರೇ ನಮ್ಮನ್ನು ಮೋಸ ಮಾಡುವುದು. ಚರ್ಮ ಸುಡುವುದು ಯುವಿ ಕಿರಣದಿಂದ, ಅಂದರೆ ಬಿಸಿಲಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣದಿಂದ. ಅದಕ್ಕೂ ಗಾಳಿಯ ತಂಪಿಗೂ ಸಂಬಂಧ ಇಲ್ಲ. ಊರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಿಂತ ಎತ್ತರದಲ್ಲಿದೆ, ಸಾವಿರ ಮೀಟರ್ ಮೇಲೆ ಹೋದರೆ ಯುವಿ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿ. ಚಿಕ್ಕಮಗಳೂರು ಇನ್ನೂ ಎತ್ತರ. ಅರಸೀಕೆರೆ, ಕಡೂರು ಕಡೆ ಬಿಸಿಲು ಚುರುಗುಟ್ಟುತ್ತದೆ, ಮಕ್ಕಳೇ ನೆರಳಿಗೆ ಓಡುತ್ತಾರೆ. ಇಲ್ಲಿ ಗಾಳಿ ಬೀಸುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ತೆಳು ಮೋಡ ಇದ್ದರೂ ಯುವಿಯ ಬಹುಪಾಲು ಕೆಳಗೆ ಇಳಿಯುತ್ತದೆ.

ಹಾಗಂತ ಹೆದರಿ ಮಗುವನ್ನು ಒಳಗೇ ಕೂಡಿಹಾಕಬೇಡಿ. ನನ್ನ ತವರು ಸಕಲೇಶಪುರದ ಕಡೆ, ಮನೆಯಲ್ಲಿ ಕಾಫಿ ತೋಟ. ಕಾಫಿ ಸಸಿಯ ನರ್ಸರಿಗೆ ಅಪ್ಪ ಚಪ್ಪರ ಹಾಕದೆ ಬೀಜ ಮುಟ್ಟುತ್ತಿರಲಿಲ್ಲ. ಎಳೆ ಸಸಿ ಬಿಸಿಲಿಗೆ ಬಿದ್ದರೆ ಎಲೆ ಸುಟ್ಟು ಹೋಗುತ್ತದೆ. ಆದರೆ ತೋಟದಲ್ಲಿ ನೆಡುವ ಮುಂಚೆ ಆ ಚಪ್ಪರವನ್ನೇ ಸ್ವಲ್ಪ ಸ್ವಲ್ಪ ತೆಳು ಮಾಡುತ್ತಾ ಬರುತ್ತಿದ್ದರು, ಸಸಿಗೆ ಬಿಸಿಲು ಅಭ್ಯಾಸ ಆಗಲಿ ಅಂತ. ಮಕ್ಕಳ ನರ್ಸರಿಗೆ ಇಷ್ಟು ಯೋಚನೆ ಯಾರೂ ಮಾಡುವುದಿಲ್ಲ ಅಂತ ನಾನು ಸ್ಟಾಫ್ ಮೀಟಿಂಗಿನಲ್ಲಿ ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ. ವಿಟಮಿನ್ ಡಿಗೂ ಬಿಸಿಲು ಬೇಕು. ಅದೂ ತೀರಾ ಎಳೆ ಬಿಸಿಲಲ್ಲಿ ಅದು ಹೆಚ್ಚು ತಯಾರಾಗುವುದಿಲ್ಲ, ನಮಗೆ ಹೇಳಿಕೊಟ್ಟಿದ್ದು ಉಲ್ಟಾ. ಹತ್ತು ಗಂಟೆಯ ಆಟ ಒಳ್ಳೆಯದೇ, ಬಿಡಿಸಬೇಡಿ.

ನಾವು ಮಾಡಿದ್ದು ಎರಡೇ ಕೆಲಸ. ಮೊದಲನೆಯದಕ್ಕೆ ಒಂದು ಪೈಸೆ ಖರ್ಚಿಲ್ಲ. ಮಕ್ಕಳನ್ನು ಗೇಟಲ್ಲಿ ಸಾಲು ನಿಲ್ಲಿಸುವುದು ಬಿಟ್ಟೆವು. ಎಲ್ಲರೂ ಜಗಲಿಯಲ್ಲಿ ಕೂರುವುದು, ಕರೆದುಕೊಂಡು ಹೋಗುವವರು ಬಂದ ಮೇಲೆ ಆಯಾ ಹೆಸರು ಕೂಗುವುದು. ಮೊದಲ ವಾರ ಗಲಾಟೆಯೋ ಗಲಾಟೆ, ಪೋಷಕರು 'ಬ್ಯಾಂಕಲ್ಲಿ ಟೋಕನ್ ಕೊಟ್ಟ ಹಾಗಾಯಿತು' ಅಂತ ರೇಗಿದರು. ಆಮೇಲೆ ಒಗ್ಗಿಕೊಂಡರು. ಎರಡನೆಯದು ಜಗಲಿಯಿಂದ ಗೇಟಿನವರೆಗೆ ಹಸಿರು ಶೇಡ್ ನೆಟ್. ಗೊಬ್ಬರದ ಅಂಗಡಿಯಲ್ಲೇ ಸಿಗುತ್ತದೆ, ಎಷ್ಟು ಬಿಸಿಲು ತಡೆಯುತ್ತದೆ ಅನ್ನುವ ಲೆಕ್ಕದಲ್ಲಿ 50, 75, 90 ಪರ್ಸೆಂಟ್ ಅಂತ ಬರುತ್ತದೆ, 75ರದ್ದು ತಂದೆವು. ಮೊದಲ ಸಲ ತಲೆಗೆ ತಾಗುವಷ್ಟು ಕೆಳಗೆ ಕಟ್ಟಿಸಿ ಒಳಗೆ ಸೆಕೆ ಕೂಡಿತು, ಬಿಚ್ಚಿ ಒಂಬತ್ತಡಿಗೆ ಏರಿಸಿದೆವು. ಏಪ್ರಿಲ್‌ನಲ್ಲಿ ಒಂದು ಆಲಿಕಲ್ಲು ಮಳೆ ಬಂದು ಅರ್ಧ ಹರಿಯಿತು. ಜೋರು ಮಳೆ ಬರುವ ಮುಂಚೆ ಬಿಚ್ಚಿಡಬೇಕು ಅನ್ನುವುದನ್ನು ಹಾಗೆ ಕಲಿತೆವು. ತಗಡಿನ ಶೀಟು ಹಾಕಿಸೋಣ ಅಂದರೆ ಒಪ್ಪಬೇಡಿ. ನೆರಳು ಕೊಡುತ್ತದೆ, ಆದರೆ ಕಾದ ತಗಡು ಮೇಲಿಂದ ಬಿಸಿ ಕಕ್ಕುತ್ತಿರುತ್ತದೆ.

ಮರ ನೆಡುವ ಉತ್ಸಾಹ ಶಾಲೆಗೆ ಇದ್ದರೆ ಹೊಂಗೆ ನೆಡಲಿ. ಯುಗಾದಿ ಹೊತ್ತಿಗೆ ಹೊಸ ಚಿಗುರು ತುಂಬಿಕೊಂಡಿರುತ್ತದೆ, ನಮಗೆ ನೆರಳು ಬೇಕಾಗುವುದೂ ಆಗಲೇ. ಗುಲ್‌ಮೊಹರ್ ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತಿರುತ್ತದೆ.

ಟೋಪಿ ವಿಷಯ. ಆಸ್ಟ್ರೇಲಿಯಾದ ಎಷ್ಟೋ ಶಾಲೆಗಳಲ್ಲಿ 'ಟೋಪಿ ಇಲ್ಲದಿದ್ದರೆ ಆಟ ಇಲ್ಲ' ಅನ್ನುವ ನಿಯಮ ಇದೆ. ಅಲ್ಲಿ 1981ರಿಂದಲೇ ಅಂಗಿ ಹಾಕಿ, ಕ್ರೀಮ್ ಹಚ್ಚಿ, ಟೋಪಿ ಇಡಿ ಅಂತ ಪ್ರಚಾರ ಮಾಡುತ್ತಾ ಬಂದಿದ್ದಾರೆ. ಅವರ ಬಿಳಿ ಚರ್ಮಕ್ಕೆ ಕ್ಯಾನ್ಸರ್ ಭಯ ದೊಡ್ಡದು. ನಮ್ಮ ಮಕ್ಕಳಿಗೆ ಆ ಅಪಾಯ ಬಹಳ ಕಡಿಮೆ, ಹಾಗಾಗಿ ಅಲ್ಲಿಯ ಭಯವನ್ನು ಪೂರ್ತಿ ತಲೆಗೆ ಹಚ್ಚಿಕೊಳ್ಳಬೇಕಿಲ್ಲ. ಟೋಪಿಯನ್ನು ಮಾತ್ರ ಅವರಿಂದ ಕಲಿಯಬಹುದು. ಕ್ರಿಕೆಟ್ ಕ್ಯಾಪ್ ಬೇಡ, ಕಿವಿ ಮತ್ತು ಕತ್ತು ಹಾಗೇ ಬಿಸಿಲಿಗೆ ಬಿದ್ದಿರುತ್ತದೆ. ಸುತ್ತಲೂ ಅಂಚಿರುವ ಹತ್ತಿಬಟ್ಟೆಯದು ಒಳ್ಳೆಯದು. ಗಲ್ಲದ ಕೆಳಗೆ ದಾರ ಇರುವುದನ್ನು ತರಬೇಡಿ, ಜಾರುಬಂಡೆಗೆ ಸಿಕ್ಕಿಕೊಂಡರೆ ಕುತ್ತಿಗೆಗೆ ಬಿಗಿಯುತ್ತದೆ. ಹೆಸರು ಬರೆದು ಕಳಿಸಿ. ಇದು ಕಳೆದುಹೋಗುತ್ತದೆ ಅಂತಲ್ಲ, ಮಕ್ಕಳು ಟೋಪಿ ಅದಲುಬದಲು ಮಾಡಿಕೊಂಡರೆ ಮನೆಗೆ ಬರುವುದು ಹೇನು. ಒಂದು ವರ್ಷ ಇಡೀ ಯುಕೆಜಿ ತಲೆ ಕೆರೆದುಕೊಂಡು ಕೂತಿತ್ತು! ಯೂನಿಫಾರ್ಮ್ ಮಾತು ಬಂದರೆ, ಯೂನಿಫಾರ್ಮ್ ಬಣ್ಣದ್ದೇ ಹೊಲಿಸಿಕೊಡುತ್ತೇವೆ ಅನ್ನಿ. ನಾಲ್ಕು ಜನ ಅಮ್ಮಂದಿರು ಒಟ್ಟಿಗೆ ಕೇಳಿದರೆ ಯಾವ ಶಾಲೆಯೂ ಬೇಡ ಅನ್ನುವುದಿಲ್ಲ.

ಸನ್‌ಸ್ಕ್ರೀನ್ ಹಚ್ಚುವುದಾದರೆ ಎಸ್‌ಪಿಎಫ್ 30 ಸಾಕು, ಎಷ್ಟು ಬಿಸಿಲು ತಡೆಯುತ್ತದೆ ಅಂತ ಕ್ರೀಮಿನ ಮೇಲೆ ಬರೆದಿರುವ ಅಂಕಿ ಅದು. 30ರದ್ದು ಚರ್ಮ ಸುಡುವ ಯುವಿ-ಬಿ ಕಿರಣವನ್ನು ಸುಮಾರು 97 ಪರ್ಸೆಂಟ್ ತಡೆಯುತ್ತದೆ, 50ರದ್ದು 98. ಆ ಒಂದಕ್ಕೆ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಜಿಂಕ್ ಆಕ್ಸೈಡ್ ಇರುವುದು ಮಕ್ಕಳ ಚರ್ಮಕ್ಕೆ ಒಗ್ಗುತ್ತದೆ, ಮೊದಲು ಮೊಣಕೈ ಒಳಗೆ ಹಚ್ಚಿ ಒಂದು ದಿನ ನೋಡಿ. ಆದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನೀವು ಬೆಳಗ್ಗೆ ಎಂಟೂವರೆಗೆ ಹಚ್ಚಿದ್ದು ಹನ್ನೆರಡೂವರೆಗೆ ಎಲ್ಲಿರುತ್ತದೆ? ಅಂಗಿ ತೋಳಿನ ಮೇಲೆ ಇರುತ್ತದೆ. ಮೂವತ್ತು ಮಕ್ಕಳಿಗೆ ಮಿಸ್ ಹಚ್ಚುವುದೂ ಆಗದ ಮಾತು. ಕೊಬ್ಬರಿ ಎಣ್ಣೆ ಬಿಸಿಲು ತಡೆಯುವುದು ಲೆಕ್ಕಕ್ಕಿಲ್ಲದಷ್ಟು. ಕಪ್ಪು ಹೋಗಲಿ ಅಂತ ನಿಂಬೆರಸ ಮಾತ್ರ ಯಾವತ್ತೂ ಹಚ್ಚಬೇಡಿ, ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಬರುತ್ತದೆ. ಕಪ್ಪಾಗುತ್ತಾಳೆ ಅನ್ನುವುದೇ ಮನೆಯಲ್ಲಿ ಯಾರಿಗಾದರೂ ಚಿಂತೆ ಆಗಿದ್ದರೆ, ಅದನ್ನು ಮಗುವಿನ ಎದುರು ಆಡದ ಹಾಗೆ ನೋಡಿಕೊಳ್ಳಿ.

ಮುಖ ಕೆಂಪಾಗುವುದನ್ನು ಹೀಗೆ ಪರೀಕ್ಷಿಸಿ. ಮನೆಗೆ ಬಂದು ಫ್ಯಾನ್ ಕೆಳಗೆ ಕೂತು ನೀರು ಕುಡಿದ ಅರ್ಧ ಗಂಟೆಯಲ್ಲಿ ಕೆಂಪು ಇಳಿದರೆ ಅದು ಸೆಕೆ. ರಾತ್ರಿಯೂ ಇದ್ದು ಮುಟ್ಟಿದರೆ ಉರಿ ಅಂದರೆ ಚರ್ಮ ಸುಟ್ಟಿದೆ. ತಲೆನೋವು ನೋಡಿದರೆ ನಿಮ್ಮವಳಿಗೆ ಮೊದಲನೆಯದೇ ಇರಬೇಕು, ಅಂದರೆ ನೀರು ಸಾಲುತ್ತಿಲ್ಲ. ಈ ವಯಸ್ಸಿನವರು ಆಟದ ಭರದಲ್ಲಿ ಬಾಯಾರಿದ್ದನ್ನು ಹೇಳುವುದಿಲ್ಲ. 2019ರಲ್ಲಿ ಕೇರಳದ ಶಾಲೆಗಳ 'ವಾಟರ್ ಬೆಲ್' ಸುದ್ದಿಯಾಗಿತ್ತು, ನೀರು ಕುಡಿಯಲೆಂದೇ ಗಂಟೆ ಹೊಡೆಯುವುದು. ನಿಮ್ಮ ಶಾಲೆಯಲ್ಲಿ 12.15ಕ್ಕೆ ಒಂದು ಹೊಡೆಸಿ ಸಾಕು. ಮನೆಗೆ ಬಂದ ತಕ್ಷಣ ಉಪ್ಪು ಹಾಕಿದ ನೀರು ಮಜ್ಜಿಗೆ ಕೊಡಿ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತ ಓಮ್ನಿಗೆ ನೇರ ಹತ್ತಿಸಬೇಡಿ, ಬಾಗಿಲು ಮುಚ್ಚಿ ನಿಲ್ಲಿಸಿದ ಗಾಡಿ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ಬಾಗಿಲು ತೆಗೆದು ಸ್ವಲ್ಪ ಹೊತ್ತು ಬಿಡಲಿ, ರೆಕ್ಸಿನ್ ಸೀಟಿನ ಮೇಲೆ ಒಂದು ಟವೆಲ್ ಹಾಸಲಿ.

ಮೈ ಕಾದ ಕಾವಲಿಯಂತಾಗಿ ಮಗು ತೂಕಡಿಸಿದರೆ, ಏನೇನೋ ಮಾತಾಡಿದರೆ, ಫಿಟ್ಸ್ ಬಂದರೆ ಮನೆ ಮದ್ದು ಬೇಡ. ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದ ಬಾಯಿಗೆ ನೀರು ಹಾಕಬೇಡಿ. ಜ್ವರದ ಸಿರಪ್ಪಿಗೆ ಈ ಬಿಸಿ ಇಳಿಯುವುದಿಲ್ಲ.

ನಾಳೆಯೇ ಒಂದು ಕೆಲಸ ಮಾಡಿ. ಶಾಲೆ ಬಿಡುವ ಹತ್ತು ನಿಮಿಷ ಮುಂಚೆ ಹೋಗಿ ಮಗಳು ದಿನಾ ನಿಲ್ಲುವ ಜಾಗದಲ್ಲಿ ನೀವೇ ನಿಲ್ಲಿ. ನಿಮ್ಮ ನೆರಳು ಎಷ್ಟುದ್ದ ಇದೆ ನೋಡಿ. ನಿಮಗಿಂತ ಗಿಡ್ಡ ಇದ್ದರೆ ಬಿಸಿಲು ಕಟು ಅಂತ ಅರ್ಥ. ಪಾದದ ಹತ್ತಿರವೇ ಮುದುಡಿಕೊಂಡಿದ್ದರೆ ಒಂದು ಫೋಟೋ ತೆಗೆದುಕೊಳ್ಳಿ, ಪೇರೆಂಟ್ಸ್ ಮೀಟಿಂಗಿನಲ್ಲಿ ಯುವಿ ಗಿವಿ ಏನೂ ಹೇಳದೆ ಅದನ್ನೇ ತೋರಿಸಿ. ನಾನು ನಮ್ಮ ಹೆಡ್ ಮಿಸ್‌ಗೆ ತೋರಿಸಿದ್ದೂ ಅದನ್ನೇ.