ಹಬ್ಬದ ಉಂಡೆ ಐದು ಮನೆಗೆ ಹೋಗಿಬಿಟ್ಟಿದೆ, ಈಗ ಹೇಳಲೇ ಬೇಡವೇ?

ಪ್ರಶ್ನೆ: ನಾನು ಬೇಲೂರಿನವಳು, ವಯಸ್ಸು 43. ಪ್ರತಿ ವರ್ಷ ಗೌರಿ ಹಬ್ಬಕ್ಕೆ ನಮ್ಮ ಬೀದಿಯ ಹನ್ನೆರಡು ಮನೆಗೆ ತಿಂಡಿ ಕೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಈ ಸಲವೂ ಹಬ್ಬದ ಹಿಂದಿನ ದಿನ ಚಕ್ಕುಲಿ, ಕೋಡುಬಳೆ ಕರಿದು, ಆರಿದ ಮೇಲೆ ಕೈಯಲ್ಲೇ ಡಬ್ಬಿಗೆ ಜೋಡಿಸಿದೆ. ಸಂಜೆ ರವೆ ಉಂಡೆ ಕಟ್ಟಿದೆ. ಮಧ್ಯರಾತ್ರಿ ವಾಂತಿ ಶುರುವಾಯಿತು, ಬೆಳಗಾಗುವಷ್ಟರಲ್ಲಿ ಭೇದಿ. ತಿಂಡಿ ಕರಿದದ್ದರ ಹಿಂದಿನ ದಿನ ಹಾಸನದಲ್ಲಿ ನೆಂಟರ ಮನೆಯ ನಾಮಕರಣದಲ್ಲಿ ಊಟ ಮಾಡಿದ್ದೆವು. ನನ್ನ ಜೊತೆ ಬಂದಿದ್ದ ನಾದಿನಿಗೂ ಹೀಗೇ ಆಗಿದೆಯಂತೆ. ನಾನು ಏಳಲಾರದೆ ಮಲಗಿದ್ದಾಗ ಅತ್ತೆ ಐದು ಮನೆಗೆ ಹಂಚಿಸಿಬಿಟ್ಟರು. ಉಳಿದ ಏಳು ಮನೆಯದ್ದು ಡಬ್ಬಿಯಲ್ಲಿದೆ. "ಮಡಿಯಲ್ಲಿ ಮಾಡಿದ್ದು, ಎಣ್ಣೆಯಲ್ಲಿ ಕರಿದದ್ದು, ಏನಾಗುತ್ತೆ" ಅಂತಾರೆ ಅತ್ತೆ. ನರ್ಸಿಂಗ್ ಓದುವ ಮಗಳು "ಎಲ್ಲ ಎಸಿ, ಎಲ್ಲರಿಗೂ ಹೇಳು" ಅಂತಾಳೆ. ಯಜಮಾನರು "ಸುಮ್ಮನಿರು" ಅಂತಾರೆ. ಐದು ಮನೆಗಳಲ್ಲಿ ಒಂದರಲ್ಲಿ ಹೆರಿಗೆಗೆ ಬಂದ ಬಸುರಿ ಇದ್ದಾಳೆ. ಹೇಳಿದರೆ ಇನ್ನು ನಮ್ಮ ಮನೆ ತಿಂಡಿ ಯಾರು ಮುಟ್ಟುತ್ತಾರೆ? ಮುಂದೆ ಮಾವನವರ ಪಕ್ಷವೂ ಇದೆ. ಅಡುಗೆಗೆ ನಾನು ನಿಲ್ಲಬಹುದೇ?

ಉತ್ತರ: ನಿಮ್ಮ ಪತ್ರ ಬಂದ ಸಂಜೆಯೇ ಎರಡು ಸಾಲು ಬರೆದು ಕಳಿಸಿದ್ದೆ: ಉಂಡೆಯನ್ನು ಇನ್ನು ಯಾರಿಗೂ ಕೊಡಬೇಡಿ, ಐದು ಮನೆಗೂ ಫೋನ್ ಮಾಡಿ. "ಉಂಡೆ ಎಸೆದೆ, ಫೋನ್ ಮಾಡಲು ಮಾತ್ರ ಕೈ ಬರುತ್ತಿಲ್ಲ" ಎಂದು ಮರುದಿನ ಬರೆದಿರಿ. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಮಾತು. ಇಷ್ಟು ದೊಡ್ಡ ಪತ್ರದಲ್ಲಿ ಹನ್ನೆರಡು ಮನೆಯ ಚಿಂತೆ ಇದೆ, ಅತ್ತೆಯ ಚಿಂತೆ ಇದೆ, ಪಕ್ಷದ ಚಿಂತೆ ಇದೆ. ನೀವು ಹೇಗಿದ್ದೀರಿ ಎಂಬುದು ಮಾತ್ರ ಇಲ್ಲ. ರಾತ್ರಿಯಿಡೀ ವಾಂತಿ ಭೇದಿಯಾದ ದೇಹದಿಂದ ನೀರೂ ಉಪ್ಪೂ ಹೋಗಿರುತ್ತದೆ. ಒಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಎದ್ದು ನಿಂತಾಗ ತಲೆ ಸುತ್ತಿದರೆ ಆಸ್ಪತ್ರೆಗೆ ಹೋಗಿ. ಹಬ್ಬದ ಮನೆಯ ಹೆಂಗಸು ಕೊನೆಯಲ್ಲಿ ಉಣ್ಣುವುದನ್ನು, ಕೊನೆಯಲ್ಲಿ ಮಲಗುವುದನ್ನು ನಾನೂ ನೋಡಿ ಬೆಳೆದವಳು. ಕಾಯಿಲೆಯ ಸರದಿಯಲ್ಲಿಯೂ ನೀವು ಕೊನೆಗೆ ನಿಲ್ಲಬೇಡಿ.

ಕಾಯಿಲೆ ಯಾವುದೆಂದು ಖಚಿತವಾಗಿ ಹೇಳಬೇಕಾದವರು ವೈದ್ಯರು. ಆದರೆ ಒಂದೇ ಊಟ ಮಾಡಿದ ಇಬ್ಬರಿಗೆ ಹೆಚ್ಚುಕಡಿಮೆ ಒಂದೂವರೆ ದಿನದ ನಂತರ ಇದ್ದಕ್ಕಿದ್ದಂತೆ ವಾಂತಿ, ಹಿಂದೆಯೇ ಭೇದಿ ಎಂದರೆ ನೊರೊವೈರಸ್ ಎಂಬ ಸೋಂಕಿನ ಲಕ್ಷಣ ಅದಕ್ಕೆ ಹೊಂದುತ್ತದೆ. ಅದು ಮೈಸೇರಿದ 12ರಿಂದ 48 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಕಾಯಿಲೆ ನಿಮ್ಮ ತಿಂಡಿಯಿಂದ ನಿಮಗೆ ಬಂದದ್ದಲ್ಲ, ಹೊರಗಿನಿಂದ ಬಂದದ್ದು. ಆದರೆ ನೀವು ಉಂಡೆ ಕಟ್ಟುವ ಹೊತ್ತಿಗೆ ಅದು ಮೈಯಲ್ಲಿತ್ತು. ಇದರಲ್ಲಿ ನಿಮ್ಮ ತಪ್ಪು ಏನೇನೂ ಇಲ್ಲ. ಗೊತ್ತಿಲ್ಲದ ಕಾಯಿಲೆಯನ್ನು ಯಾರು ತಡೆಯಬಲ್ಲರು?

ಈಗ ತಿಂಡಿಯ ಮಾತು. ನಮ್ಮ ಅಡುಗೆಮನೆಗಳಲ್ಲಿ ತಿಂಡಿ ಚೆನ್ನಾಗಿದೆಯೋ ಇಲ್ಲವೋ ಎಂದು ಮೂಸಿ ನೋಡುತ್ತೇವೆ, ನಾಲಿಗೆಯ ತುದಿಗೆ ಇಟ್ಟು ನೋಡುತ್ತೇವೆ. ಹಳಸಿದ ಸಾರು, ಮುಗ್ಗಲು ಬಂದ ಹಿಟ್ಟು, ಕನರು ಹತ್ತಿದ ಎಣ್ಣೆ ಇವಕ್ಕೆಲ್ಲ ಆ ಪರೀಕ್ಷೆ ಸಾಕು. ಆದರೆ ಕೆಡುವುದು ಬೇರೆ, ಅಂಟುವುದು ಬೇರೆ. ವೈರಸ್ ತಿಂಡಿಯಲ್ಲಿ ಬೆಳೆಯುವುದಿಲ್ಲ, ಹಾಗಾಗಿ ವಾಸನೆಯೂ ಬರುವುದಿಲ್ಲ, ರುಚಿಯೂ ಕೆಡುವುದಿಲ್ಲ. ಯಾರದೋ ಕೈಯಿಂದ ಬಂದು ಸುಮ್ಮನೆ ಕೂತಿರುತ್ತದೆ, ದಿನಗಟ್ಟಲೆ. ನೊರೊವೈರಸ್ ಅಂತೂ ಕೆಲವೇ ಹತ್ತು ಕಣಗಳಿದ್ದರೂ ಒಬ್ಬರನ್ನು ಮಲಗಿಸಬಲ್ಲದು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಒಲೆಯಿಂದ ಇಳಿದ ಮೇಲೆ ಅದನ್ನು ಯಾರ ಕೈ ಮುಟ್ಟಿತು?

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಚಕ್ಕುಲಿ ಬೇಯುವ ಎಣ್ಣೆ 170 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಆ ಕಾವಿಗೆ ಯಾವ ವೈರಸ್ಸೂ ಬದುಕುವುದಿಲ್ಲ. ಬಾಣಲೆಯಿಂದ ಜಾಲರಿಯಲ್ಲಿ ಎತ್ತಿದ ಚಕ್ಕುಲಿ ಆ ಕ್ಷಣಕ್ಕೆ ಶುದ್ಧ. ಆದರೆ ಆಮೇಲೆ ನೀವು ಅದನ್ನು ಕೈಯಲ್ಲಿ ಜೋಡಿಸಿದಿರಿ. ಇನ್ನು ರವೆ ಉಂಡೆಯಂತೂ ಪೂರ್ತಿ ಕೈಯ ತಿಂಡಿಯೇ. ರವೆ ಹುರಿದದ್ದು ನಿಜ, ಆದರೆ ಸಕ್ಕರೆ, ಕೊಬ್ಬರಿ ಬೆರೆಸಿ, ಹಾಲು ಚಿಮುಕಿಸಿ, ಒಂದೊಂದನ್ನೂ ಅಂಗೈಯಲ್ಲಿ ಒತ್ತಿ ಕಟ್ಟಿದ ಮೇಲೆ ಅದು ಮತ್ತೆ ಬೆಂಕಿ ಕಾಣುವುದಿಲ್ಲ. ಅದನ್ನು ಎಸೆದದ್ದು ಸರಿಯಾಯಿತು. ತುಪ್ಪ, ದ್ರಾಕ್ಷಿ, ಗೋಡಂಬಿ ಹಾಕಿ ಸೊಂಟ ನೋಯುವವರೆಗೆ ಕೂತು ಕಟ್ಟಿದ್ದು ಕಸಕ್ಕೆ ಹೋದಾಗ ಹೊಟ್ಟೆ ಉರಿಯುತ್ತದೆ, ಅದನ್ನು ನಾನು ಹಗುರಾಗಿ ನೋಡುವುದಿಲ್ಲ. ಹೋಳಿಗೆಯೂ ಇದೇ ಲೆಕ್ಕ, ಕಾವಲಿಯಿಂದ ಇಳಿದ ಮೇಲೆ ಕೈಯಲ್ಲಿ ಮಡಚುತ್ತೇವಲ್ಲ. ಕೋಸಂಬರಿ ಕೇಳುವುದೇ ಬೇಡ.

ಉಳಿದ ಚಕ್ಕುಲಿ, ಕೋಡುಬಳೆಯ ಅಪಾಯ ಉಂಡೆಗಿಂತ ಕಡಿಮೆ, ಏಕೆಂದರೆ ಬಾಧೆ ಶುರುವಾಗುವ ಎಷ್ಟೋ ಗಂಟೆ ಮೊದಲು ಮುಟ್ಟಿದ್ದೀರಿ, ಬೆರಳ ತುದಿಯಲ್ಲಷ್ಟೇ ಮುಟ್ಟಿದ್ದೀರಿ. ಆದರೂ ಬೇರೆ ಮನೆಗೆ ಕೊಡಬೇಡಿ ಎಂಬುದೇ ನನ್ನ ಅಭಿಪ್ರಾಯ. ಇನ್ನೊಬ್ಬರ ಮಗುವಿನ ಹೊಟ್ಟೆಯ ಮೇಲೆ ನಾವು ಅಂದಾಜು ಮಾಡಬಾರದು. "ಎಸೆಯುವ ಬದಲು ಮನೆಗೆಲಸದವಳಿಗೆ ಕೊಟ್ಟುಬಿಡು" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಅವಳಿಗೂ ಮಕ್ಕಳಿವೆ, ಒಂದು ದಿನದ ಭೇದಿ ಅವಳ ಒಂದು ದಿನದ ಕೂಲಿಯನ್ನೂ ಕಸಿಯುತ್ತದೆ.

ಹೋದ ತಿಂಗಳು ಹಾಕಿದ ಮಿಡಿ ಉಪ್ಪಿನಕಾಯಿ, ಬೇಸಗೆಯಲ್ಲಿ ಒಣಗಿಸಿದ ಹಪ್ಪಳ, ಸಂಡಿಗೆ ಇದ್ದರೆ ಧಾರಾಳವಾಗಿ ಕೊಡಿ. ಕಾಯಿಲೆ ಬಿದ್ದ ಮೇಲೆ ನೀವು ಜಾಡಿಗೆ ಕೈ ಹಾಕಿಲ್ಲದಿದ್ದರೆ ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಮಡಿಯ ಬಗ್ಗೆ ಬರೆಯದೆ ಇರಲಾರೆ. ನನ್ನ ಅಜ್ಜಿಯದು ಕೊಪ್ಪದ ಕಡೆ. ಒದ್ದೆ ಸೀರೆಯಲ್ಲಿ ನಡುಗುತ್ತಾ ನೈವೇದ್ಯ ಮಾಡುತ್ತಿದ್ದ ಆಕೆಯ ಶ್ರದ್ಧೆಯ ಮೇಲೆ ನನಗೆ ಇಂದಿಗೂ ಗೌರವವಿದೆ. ಆದರೆ ಮುಟ್ಟಾದ ದಿನಗಳಲ್ಲಿ ನಮ್ಮನ್ನೆಲ್ಲ ಹಿತ್ತಿಲ ಕೋಣೆಯಲ್ಲಿ ಕೂರಿಸುತ್ತಿದ್ದರು. ಮುಟ್ಟಿನಿಂದ ಯಾವ ಕಾಯಿಲೆಯೂ ಯಾರ ತಟ್ಟೆಗೂ ಬರುವುದಿಲ್ಲ. ಭೇದಿಯಾದ ದಿನ ಮಾತ್ರ, ತಲೆಗೆ ನೀರು ಹಾಕಿಕೊಂಡು ಬಂದರೆ ಸಾಕು, ಅದೇ ಹೆಂಗಸು ಒಲೆಯ ಮುಂದೆ ನಿಲ್ಲಬೇಕಿತ್ತು. ದೂರ ಕೂರಬೇಕಾದ ದಿನವೇ ಒಳಗೆ ನಿಲ್ಲಿಸಿದರು. ಎಷ್ಟು ಮನೆಗಳಲ್ಲಿ ಎಷ್ಟು ಕೂಸುಗಳು ಇದರಿಂದ ನವೆದವೋ ಎಂದು ನೆನೆದರೆ ಸಂಕಟವಾಗುತ್ತದೆ.

ಅತ್ತೆಗೆ ಇದನ್ನು ವಾದ ಮಾಡಿ ಗೆಲ್ಲುವುದು ಬೇಡ. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಲು ಬಿಡದವರು ಅವರು, ಎಂಜಲು ಕೈಯಲ್ಲಿ ಸೌಟು ಮುಟ್ಟಿದರೆ ಗದರುವವರು. ಕಣ್ಣಿಗೆ ಕಾಣದ್ದು ಕೈಯಿಂದ ಪಾತ್ರೆಗೆ ಇಳಿಯುತ್ತದೆ ಎಂಬುದು ಅವರಿಗೆ ಹೊಸ ವಿಚಾರವೇ ಅಲ್ಲ. "ಅತ್ತೆ, ಇದೂ ಒಂಥರಾ ಎಂಜಲೇ, ಎರಡು ದಿನ ನಾನು ಒಳಗೆ ಬರಲ್ಲ" ಎಂದು ಅವರ ಮಾತಿನಲ್ಲೇ ಹೇಳಿ. ಅವರು ತಿಂಡಿ ಹಂಚಿಸಿದ್ದು ಹಬ್ಬ ತಪ್ಪಬಾರದೆಂಬ ಕಾಳಜಿಯಿಂದ. ಅದನ್ನು ಮಗಳಿಗೂ ತಿಳಿಸಿ. ಮಗಳು ಹೇಳುತ್ತಿರುವುದು ಸರಿ, ಆದರೆ ಅಜ್ಜಿಯನ್ನು ಅಪರಾಧಿಯ ಹಾಗೆ ನಿಲ್ಲಿಸಿ ಹೇಳಿದರೆ ಅಜ್ಜಿ ಮುಂದಿನ ಸಲ ಮುಚ್ಚಿಡುತ್ತಾರೆ.

ಮೇರಿ ಮ್ಯಾಲನ್ ಎಂಬಾಕೆಯ ಕತೆ ಇಲ್ಲಿ ನೆನಪಾಗುತ್ತದೆ. ಐರ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಸಿರಿವಂತರ ಮನೆಗಳಲ್ಲಿ ಅಡುಗೆ ಮಾಡಿ ಬದುಕುತ್ತಿದ್ದಳು. ತನಗೆ ಏನೂ ಬಾಧೆಯಿಲ್ಲದೆ ಟೈಫಾಯ್ಡ್ ರೋಗಾಣುವನ್ನು ಮೈಯಲ್ಲಿ ಹೊತ್ತಿದ್ದಳೆಂದು 1907ರಲ್ಲಿ ಪತ್ತೆಯಾಯಿತು. ಸಂಶಯ ಬಿದ್ದದ್ದು ಅವಳ ಬಿಸಿ ಅಡುಗೆಯ ಮೇಲಲ್ಲ, ಹಸಿ ಪೀಚ್ ಹಣ್ಣು ಹೆಚ್ಚಿ ಹಾಕಿದ ಐಸ್‌ಕ್ರೀಮಿನ ಮೇಲೆ. ಆರೋಗ್ಯವಾಗಿದ್ದ ಅವಳು ಅದನ್ನು ನಂಬಲೇ ಇಲ್ಲ. ಮೂರು ವರ್ಷ ದಿಗ್ಬಂಧನದಲ್ಲಿಟ್ಟು ಬಿಟ್ಟರು. ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೇ ಹೋದಳು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಸಿಕ್ಕಿಬಿದ್ದು, 1938ರಲ್ಲಿ ಸಾಯುವವರೆಗೆ ದ್ವೀಪವೊಂದರಲ್ಲಿ ಬಂಧಿಯಾಗಿ ಉಳಿದಳು. ಅವಳಿಂದ ಜನ ಸತ್ತದ್ದು ನಿಜ. ಆದರೂ ಅವಳ ಬಗ್ಗೆ ಓದಿದಾಗಲೆಲ್ಲ ನನಗೆ ಅನಿಸುವುದು, ಮೊದಲ ದಿನವೇ ಯಾರಾದರೂ ಅವಳ ಪಕ್ಕ ಕೂತು ಮರ್ಯಾದೆಯಿಂದ ವಿವರಿಸಿದ್ದರೆ, ಅಡುಗೆ ಬಿಟ್ಟು ಬದುಕುವ ದಾರಿ ತೋರಿಸಿದ್ದರೆ ಹೇಗಿರುತ್ತಿತ್ತೋ ಎಂದು. ನಾಚಿಕೆಗೆ ತಳ್ಳಿದವರು ಬಚ್ಚಿಡುತ್ತಾರೆ. ಬಚ್ಚಿಟ್ಟ ಕಾಯಿಲೆ ಹರಡುತ್ತದೆ.

ನಿಮ್ಮನ್ನು ಈಗ ತಡೆಯುತ್ತಿರುವುದೂ ಅದೇ ನಾಚಿಕೆ. "ಸುಮ್ಮನಿರು" ಎನ್ನುವ ನಿಮ್ಮ ಯಜಮಾನರಿಗೆ ಹೇಳಿ: ರವೆ ಉಂಡೆ ಎಂಟು ದಿನ ಡಬ್ಬಿಯಲ್ಲಿ ಕೂರುವ ತಿಂಡಿ. ಐದು ಮನೆಯಲ್ಲಿ ಯಾವ ಮಗು ಶಾಲೆಯಿಂದ ಬಂದು ಯಾವತ್ತು ಬಾಯಿಗೆ ಹಾಕಿಕೊಳ್ಳುತ್ತದೋ ಗೊತ್ತಿಲ್ಲ. ಈಗ ಹೇಳಿದರೂ ತಡವಾಗಿಲ್ಲ. ಈಗಾಗಲೇ ಯಾರಿಗಾದರೂ ಹೊಟ್ಟೆ ಕೆಟ್ಟಿದ್ದರೆ ಅವರು ನಲ್ಲಿ ನೀರನ್ನೋ ಹಾಲನ್ನೋ ಸಂಶಯಿಸುತ್ತ ಕೂತಿರುತ್ತಾರೆ. ನಿಮ್ಮ ಮಾತಿನಿಂದ ವೈದ್ಯರಿಗೂ ಒಂದು ಸುಳಿವು ಸಿಗುತ್ತದೆ, ಆ ಮನೆಯಲ್ಲಿ ಇನ್ನೊಬ್ಬರಿಗೆ ಹರಡುವುದೂ ತಪ್ಪುತ್ತದೆ.

ಮಾತು ಹುಡುಕಲು ಕಷ್ಟವಾದರೆ ಇದನ್ನೇ ಓದಿಬಿಡಿ: "ಅಕ್ಕ, ಹಬ್ಬದ ಹಿಂದಿನ ರಾತ್ರಿಯಿಂದ ನನಗೆ ವಾಂತಿ ಭೇದಿ. ತಿಂಡಿ ಮಾಡುವಾಗ ಗೊತ್ತಿರಲಿಲ್ಲ. ನಮ್ಮನೆಯಿಂದ ಬಂದದ್ದು ಉಳಿದಿದ್ದರೆ ತಿನ್ನಬೇಡಿ, ಮಕ್ಕಳಿಗೂ ಕೊಡಬೇಡಿ. ತಿಂದಿದ್ದರೆ ಎರಡು ದಿನ ಗಮನ ಇರಲಿ, ಯಾರಿಗಾದರೂ ಶುರುವಾದರೆ ನನಗೆ ಹೇಳಿ." ಇಷ್ಟೇ. ಹತ್ತು ಸಲ ಕ್ಷಮೆ ಕೇಳುವುದೂ ಬೇಡ, ನಾಮಕರಣದ ಮನೆಯವರನ್ನು ದೂರುವುದೂ ಬೇಡ. ಯಾರಾದರೂ ಮುಖ ಸಿಂಡರಿಸಬಹುದು, ನಿಜ. ಆದರೆ ಇಂಥ ಫೋನ್ ನನಗೆ ಬಂದರೆ, ಈ ಮನೆಯ ತಿಂಡಿಯನ್ನು ಕಣ್ಣುಮುಚ್ಚಿ ತಿನ್ನಬಹುದು, ಹೆಚ್ಚುಕಡಿಮೆಯಾದರೆ ಇವರೇ ಹೇಳುತ್ತಾರೆ ಎಂದು ನಾನು ನಂಬುತ್ತೇನೆ.

ಮಾವನವರ ಪಕ್ಷದ ಅಡುಗೆ ನೀವೇ ಮಾಡಬಹುದು. ವಾಂತಿ ಭೇದಿ ಪೂರ್ತಿ ನಿಂತು 48 ಗಂಟೆ ಕಳೆಯುವವರೆಗೆ ಬೇರೆಯವರಿಗೆ ಅಡುಗೆ ಮಾಡಬಾರದು, ತರಕಾರಿ ಹೆಚ್ಚುವುದೂ ಬಡಿಸುವುದೂ ಅದರಲ್ಲೇ ಸೇರಿತು. ಪಕ್ಷಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ದಿನಗಳಿವೆ. ಆದರೆ ವೈರಸ್ ಗುಣವಾದ ಮೇಲೂ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಮಲದಲ್ಲಿ ಹೋಗುತ್ತಿರುತ್ತದೆ. ಶೌಚಾಲಯಕ್ಕೆ ಹೋಗಿ ಬಂದಾಗ, ಅಡುಗೆಗೆ ನಿಲ್ಲುವ ಮೊದಲು ಸೋಪು ಹಚ್ಚಿ, ಬೆರಳ ಸಂದು, ಉಗುರ ಕೆಳಗೆ, ಬಳೆಯ ಹಿಂದೆ ಇಪ್ಪತ್ತು ಸೆಕೆಂಡ್ ಉಜ್ಜಿ ತೊಳೆಯಿರಿ. ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಆಗಬೇಕು. ಟವೆಲ್ ಬೇರೆ ಇಟ್ಟುಕೊಳ್ಳಿ. ಬಚ್ಚಲನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ. ಇದು ಮನೆಯ ಹೆಂಗಸರಿಗಷ್ಟೇ ಹೇಳುವ ಮಾತೂ ಅಲ್ಲ. 2011ರ ಆಹಾರ ಸುರಕ್ಷತಾ ನಿಯಮಗಳ ನಾಲ್ಕನೇ ಅನುಸೂಚಿಯಲ್ಲಿ ಹೋಟೆಲು, ಬೇಕರಿಗಳ ಅಡುಗೆಯವರಿಗೂ ಇದೇ ಇದೆ: ವಾಂತಿ, ಭೇದಿ, ಕಾಮಾಲೆ, ಜ್ವರ, ಕೀವಾದ ಗಾಯ ಇದ್ದರೆ ಮೇಲಿನವರಿಗೆ ತಿಳಿಸಬೇಕು, ಆಹಾರ ಮುಟ್ಟುವ ಕೆಲಸದಿಂದ ದೂರ ಇರಬೇಕು.

ಎಲ್ಲ ಕಾಯಿಲೆಗೂ ಇದೇ ನಿಯಮವೆಂದು ಹೆದರಬೇಡಿ. ನೆಗಡಿ, ಕೆಮ್ಮು, ಫ್ಲೂ ಹರಡುವುದು ಮುಖ್ಯವಾಗಿ ಉಸಿರಿನಿಂದ. ಡೆಂಗಿ ಸೊಳ್ಳೆಯಿಂದ, ನಮ್ಮ ಮಲೆನಾಡಿನ ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ. ಆ ಕಾಯಿಲೆ ಬಂದವರ ಮನೆಯ ನೀರೂ ಕುಡಿಯದ ಜನ ಇದ್ದಾರೆ, ಅದು ಶುದ್ಧ ಅನ್ಯಾಯ. ಆದರೆ ಕಾಮಾಲೆಯಲ್ಲಿ, ಅಂದರೆ ಹೆಪಟೈಟಿಸ್ ಎ ಬಗೆಯದ್ದರಲ್ಲಿ, ಕಣ್ಣು ಹಳದಿಯಾಗುವ ಎರಡು ವಾರ ಮೊದಲಿಂದ ಆಮೇಲಿನ ಒಂದು ವಾರದವರೆಗೆ ಅಂಟುತ್ತದೆ. ಟೈಫಾಯ್ಡ್ ಬಂದವರು ವೈದ್ಯರು ಸರಿ ಎನ್ನುವವರೆಗೆ ಬೇರೆಯವರಿಗೆ ಅಡುಗೆ ಮಾಡಬಾರದು. ಬೆರಳಿನ ಕೀವು ಇನ್ನೂ ಮೋಸದ್ದು: ಅದರ ಬ್ಯಾಕ್ಟೀರಿಯಾ ತಿಂಡಿಯಲ್ಲಿ ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಫೋನಿನ ವಿಷಯಕ್ಕೆ ಬರುತ್ತೇನೆ. ಬಸುರಿ ಇರುವ ಮನೆಗೆ ಮೊದಲು ಮಾಡಿ. ವಾಂತಿ ಭೇದಿಯಲ್ಲಿ ದೇಹದ ನೀರು ಹೋಗುವುದು ಆಕೆಗೆ ಹೆಚ್ಚು ಕಷ್ಟ, ಶುರುವಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಅವಳ ತಾಯಿಗೆ ಹೇಳಿ. ಆಮೇಲೆ ಸಣ್ಣ ಮಕ್ಕಳ ಮನೆ, ವಯಸ್ಸಾದವರ ಮನೆ. ಪಕ್ಕದಲ್ಲಿ ಮಗಳನ್ನು ಕೂರಿಸಿಕೊಳ್ಳಿ, ಗಂಟಲು ಕಟ್ಟಿದರೆ ಫೋನ್ ಅವಳ ಕೈಗೆ ಕೊಡಿ. ಇದನ್ನು ಓದಿ ಮುಗಿಸಿದ ತಕ್ಷಣ ಮಾಡಿ.